ಸಹಿ ಹಾಕುವ ಮುನ್ನ: ಹೆಣ್ಣುಮಕ್ಕಳ ಪಾಲು ಮತ್ತು ನಮ್ಮ ಕಾನೂನು ಪ್ರಜ್ಞೆ

ಕರ್ನಾಟಕದ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ತೆಗೆದು ಓದಿ, ಹೆಚ್ಚುಕಡಿಮೆ ಇದೇ ಬಗೆಯ ಮಾತು ಸಿಗುತ್ತದೆ: "ಸದರಿ ಷೆಡ್ಯೂಲ್ ಸ್ವತ್ತಿನಲ್ಲಿ ನನಗೆ ಇರಬಹುದಾದ ಸಕಲ ಹಕ್ಕುಬಾಧ್ಯತೆಗಳನ್ನು ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ನಿಮ್ಮ ಪರವಾಗಿ ಬಿಟ್ಟುಕೊಟ್ಟಿರುತ್ತೇನೆ." ಬರೆದುಕೊಡುವವಳು ತಂಗಿ, ಬರೆಸಿಕೊಳ್ಳುವವನು ಅಣ್ಣ. ಫೋಟೊ ತೆಗೆಯುತ್ತಾರೆ, ಹೆಬ್ಬೆಟ್ಟಿನ ಗುರುತು ಹಿಡಿಯುತ್ತಾರೆ, ಸಾಕ್ಷಿಗಳು ಸಹಿ ಹಾಕುತ್ತಾರೆ. ಕಾಯ್ದೆಯ ಪ್ರಕಾರ ಎಲ್ಲವೂ ಕ್ರಮಬದ್ಧ. ಆದರೆ ತಾನು ಬಿಟ್ಟುಕೊಟ್ಟದ್ದು ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಆ ತಂಗಿಗೆ ಗೊತ್ತಿತ್ತೆ? ಪತ್ರ ಅದನ್ನು ಹೇಳುವುದಿಲ್ಲ. "ಇರಬಹುದಾದ" ಎನ್ನುವ ಒಂದು ಪದ ಅಷ್ಟನ್ನೂ ಮುಚ್ಚಿಬಿಡುತ್ತದೆ. ಇವತ್ತು ಮಾತಾಡಬೇಕಾಗಿರುವುದು ಆ ಪದದ ಬಗ್ಗೆ.

ಕಾನೂನು ಪ್ರಜ್ಞೆ ಎಂದರೆ ಕಲಮುಗಳು ಗೊತ್ತಿರುವುದು ಮಾತ್ರವಲ್ಲ. ಯಾವುದು ನನ್ನದು, ಯಾವುದನ್ನು ಬಾಯಿಬಿಟ್ಟು ಕೇಳಬಹುದು, ಯಾರ ಮುಂದೆ ಕೇಳಬೇಕು, ಕೇಳಿದ್ದಕ್ಕೆ ಏನು ಕಳೆದುಕೊಳ್ಳಬೇಕಾಗುತ್ತದೆ ಎಂದು ಮನುಷ್ಯರು ಒಳಗೊಳಗೇ ಹಾಕುವ ಲೆಕ್ಕ ಅದು. ಕಾಯ್ದೆ ಒಂದೇ ಇದ್ದರೂ ಈ ಲೆಕ್ಕ ಊರಿಂದ ಊರಿಗೆ, ಮನೆತನದಿಂದ ಮನೆತನಕ್ಕೆ ಬೇರೆ. ನ್ಯಾಯ ಯಾರಿಗೆ ಸಿಗುತ್ತದೆ ಎನ್ನುವುದನ್ನು ಹಲವು ಸಲ ತೀರ್ಪಿಗಿಂತ ಮೊದಲು ಈ ಲೆಕ್ಕವೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

ಇದನ್ನು ಮೊದಲಿಗೆ ಗಂಭೀರವಾಗಿ ಹಿಡಿದವರಲ್ಲಿ ಯೂಜೆನ್ ಎರ್ಲಿಶ್ ಒಬ್ಬರು. ನೂರು ವರ್ಷಕ್ಕೂ ಹಿಂದೆ, ಆಸ್ಟ್ರಿಯಾ ಸಾಮ್ರಾಜ್ಯದ ಅಂಚಿನಲ್ಲಿದ್ದ ಬುಕೊವಿನಾ ಪ್ರಾಂತ್ಯದಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. 1811ರ ಆಸ್ಟ್ರಿಯಾ ಸಿವಿಲ್ ಸಂಹಿತೆ ಮಕ್ಕಳ ದುಡಿಮೆಯ ಹಣ ಮಕ್ಕಳದ್ದೇ ಎಂದು ಹೇಳುತ್ತಿತ್ತು. ಬುಕೊವಿನಾದ ರೈತರ ಮನೆಗಳಲ್ಲಿ ಮಾತ್ರ ಮಗನ ಕೂಲಿ ನೇರ ಅಪ್ಪನ ಕೈಗೆ ಹೋಗುತ್ತಿತ್ತು. ಸಂಹಿತೆಯನ್ನು ಯಾರೂ ಧಿಕ್ಕರಿಸಿರಲಿಲ್ಲ. ಅದು ಆ ಮನೆಗಳ ಹೊಸ್ತಿಲು ದಾಟಿರಲೇ ಇಲ್ಲ, ಅಷ್ಟೆ. ಮನೆಯೊಳಗೆ ನಡೆಯುತ್ತಿದ್ದುದನ್ನು ಅವರು ಜೀವಂತ ಕಾನೂನು ಎಂದು ಕರೆದರು.

ಜಪಾನಿನ ಉದಾಹರಣೆ ಇನ್ನೂ ಹೆಚ್ಚು ಪಾಠ ಕಲಿಸುತ್ತದೆ. 1960ರ ದಶಕದಲ್ಲಿ ಕವಾಶಿಮಾ ತಾಕೆಯೋಶಿ ಎಂಬ ವಿದ್ವಾಂಸರು, ಜಪಾನೀಯರು ಕೋರ್ಟಿಗೆ ಹೋಗದಿರುವುದಕ್ಕೆ ಅವರ ಕಾನೂನು ಪ್ರಜ್ಞೆಯೇ ಕಾರಣ ಎಂದು ವಾದಿಸಿದರು: ಹಕ್ಕು ಎಂದು ಹಟ ಹಿಡಿದರೆ ಸಂಬಂಧ ಕೆಡುತ್ತದೆ, ಆದ್ದರಿಂದ ಅಲ್ಲಿನವರು ರಾಜಿಯ ದಾರಿ ಹಿಡಿಯುತ್ತಾರೆ ಎಂದು. 1978ರಲ್ಲಿ ಅಮೆರಿಕದ ಜಾನ್ ಹೇಲಿ ಈ ವಾದವನ್ನು ಅಲ್ಲಾಡಿಸಿದರು. ಜನ ಕೋರ್ಟಿಗೆ ಬರದಿರುವುದು ಮನಸ್ಸಿಲ್ಲದೆ ಅಲ್ಲ, ಬಾಗಿಲು ಕಿರಿದಾಗಿದೆ ಎಂಬುದು ಅವರ ಉತ್ತರ. ಆ ಕಾಲದ ಜಪಾನಿನಲ್ಲಿ ವಕೀಲಿ ವೃತ್ತಿಗೆ ದಾರಿಯಾಗಿದ್ದ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 500 ಜನರನ್ನು ಮಾತ್ರ ತೇರ್ಗಡೆ ಮಾಡುತ್ತಿದ್ದರು. ವಕೀಲರು ವಿರಳ, ನ್ಯಾಯಾಧೀಶರು ವಿರಳ, ಕೇಸು ವರ್ಷಗಟ್ಟಲೆ. ಹೀಗಿರುವಾಗ ರಾಜಿ ಮಾಡಿಕೊಂಡವರನ್ನು ನೋಡಿ "ಅದು ಅವರ ಸಂಸ್ಕೃತಿ" ಎಂದುಬಿಡುವುದು ಅವಸರದ ಮಾತು.

ಈ ಇಬ್ಬರ ಜಗಳವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮ ತಂಗಿಯ ಸಹಿಯನ್ನು ನೋಡಬೇಕು. "ನಮ್ಮ ಹೆಣ್ಣುಮಕ್ಕಳು ಪಾಲು ಕೇಳುವುದಿಲ್ಲ, ಅದು ನಮ್ಮ ಸಂಸ್ಕೃತಿ" ಎಂದು ಹೇಳುವವರು ಅರ್ಧ ಸತ್ಯ ಹೇಳುತ್ತಾರೆ. ಉಳಿದರ್ಧ ವಂಶವೃಕ್ಷದಲ್ಲಿದೆ, ಪಹಣಿಯಲ್ಲಿದೆ, ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸಿನಲ್ಲಿದೆ.

ಮೊದಲು ಸಂಸ್ಕೃತಿಯ ಅರ್ಧ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಅದಕ್ಕೆ ತನ್ನದೇ ತರ್ಕವಿದೆ. ನಮ್ಮ ಹಳ್ಳಿಗಳಲ್ಲಿ "ನ್ಯಾಯ" ಎನ್ನುವ ಪದ ಕೋರ್ಟಿನ ಪದವಲ್ಲ. "ನ್ಯಾಯ ಸೇರಿಸಿದರು", "ನ್ಯಾಯಕ್ಕೆ ಕೂತರು" ಎಂದರೆ ಹಿರಿಯರು ಅರಳಿಕಟ್ಟೆಯ ಮೇಲೋ ದೇವಸ್ಥಾನದ ಮುಂದೋ ಕೂತು ಜಗಳ ಬಗೆಹರಿಸಿದರು ಎಂದು. ಕೋರ್ಟಿಗೆ ಹೋಗುವುದನ್ನು ಹೇಳುವ ಮಾತೇ ಬೇರೆ: "ಮೆಟ್ಟಿಲು ಹತ್ತುವುದು", "ಕೋರ್ಟು ಕಚೇರಿ ಅಲೆಯುವುದು". ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ಯಾರ ಬಾಯಲ್ಲಿಲ್ಲ? ಹಾಗೆಯೇ "ಹಕ್ಕು" ನಮ್ಮ ಕನ್ನಡದಲ್ಲಿ ಒಂಟಿಯಾಗಿ ಬರುವುದು ಕಡಿಮೆ, "ಹಕ್ಕುಬಾಧ್ಯತೆ" ಎಂದೇ ಬರುತ್ತದೆ. ಸಾಲ ತೀರಿಸುವವನು, ಅಪ್ಪ ಅಮ್ಮನಿಗೆ ಅನ್ನ ಹಾಕುವವನು, ತಿಥಿ ಮಾಡುವವನು ಯಾರೋ ಭೂಮಿ ಅವನದು. ಮಗಳು ಹೊರೆ ಹೊರುವುದಿಲ್ಲ, ಆದ್ದರಿಂದ ಪಾಲೂ ಇಲ್ಲ. ಅವಳಿಗೆ ಬರುವುದು ಗೌರಿ ಹಬ್ಬದ ಬಾಗಿನ, ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಕರೆಯಲು ಬರುವ ಅಣ್ಣ, ಬಾಣಂತನ, ಮಡಿಲಕ್ಕಿ. ಒಟ್ಟಿನಲ್ಲಿ ತವರು.

ಈ ತರ್ಕಕ್ಕೆ ಬಲವಾದ ಒಂದು ಕೊಂಡಿ ಉಂಟು: "ಮದುವೆಗೆ ಖರ್ಚು ಮಾಡಿದ್ದೇವೆ, ಅಲ್ಲಿಗೆ ಅವಳ ಪಾಲು ಮುಗಿಯಿತು." ಇದು ಶಾಸ್ತ್ರದಿಂದ ಬಂದದ್ದು ಎಂದು ಬಹಳ ಜನ ನಂಬಿದ್ದಾರೆ. ಶಾಸ್ತ್ರ ಏನು ಹೇಳಿದೆ ನೋಡೋಣ. ಭಾರತದ ಬಹುಭಾಗದ ಹಿಂದೂ ಆಸ್ತಿ ಕಾನೂನಿಗೆ ತಳಹದಿಯಾದ ಮಿತಾಕ್ಷರ ಹುಟ್ಟಿದ್ದು ನಮ್ಮ ನೆಲದಲ್ಲೇ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಅದನ್ನು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾಗಿ ಬರೆದ. ತಂದೆ ತೀರಿಕೊಂಡ ಮೇಲೆ ಭಾಗವಾಗುವಾಗ ಮದುವೆಯಾಗದ ಸೋದರಿಗೆ ಕಾಲುಭಾಗ ಕೊಡಬೇಕು ಎಂದು ಸ್ಮೃತಿ ಹೇಳುತ್ತದೆ. ಕಾಲುಭಾಗ ಎಂದರೆ ಮದುವೆ ಖರ್ಚಿಗೆ ಸಾಕಾಗುವಷ್ಟು ಹಣ ಎಂದು ಕೆಲವರು ಅರ್ಥ ಮಾಡುತ್ತಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅವಳು ಗಂಡಾಗಿದ್ದರೆ ಎಷ್ಟು ಬರುತ್ತಿತ್ತೋ ಅದರ ಕಾಲುಭಾಗ ಪಾಲಾಗಿಯೇ ಸಲ್ಲಬೇಕು ಎಂದ. ಇದು ಸಮಪಾಲಲ್ಲ, ಮದುವೆಯಾದವಳಿಗೆ ಅನ್ವಯಿಸುವುದೂ ಇಲ್ಲ. ಆದರೂ ಮದುವೆ ಖರ್ಚೇ ಪಾಲು ಎನ್ನುವ ವಾದವನ್ನು ಒಂಬೈನೂರು ವರ್ಷದ ಹಿಂದೆಯೇ ಕನ್ನಡ ನಾಡಿನ ಶಾಸ್ತ್ರಕಾರ ತಳ್ಳಿಹಾಕಿದ್ದ ಎನ್ನುವುದು ನಮಗೆ ನೆನಪಿರಬೇಕು. ಇನ್ನು ವರದಕ್ಷಿಣೆ ಕೊಟ್ಟಿದ್ದೇವಲ್ಲ ಎನ್ನುವುದು ನಿಲ್ಲದ ಮಾತು. ಆ ಹಣ ಹೋಗುವುದು ಗಂಡನ ಮನೆಗೆ, ಅವಳ ಕೈಗಲ್ಲ.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಭಾಗದ ಸಮಯದಲ್ಲಿ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನ ದಾರಿ ತೆರೆಯಿತು. ಆಮೇಲೆ 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. (ಇಲ್ಲಿ ಹೇಳುತ್ತಿರುವುದೆಲ್ಲ ಆ ಕಾಯ್ದೆಗೆ ಒಳಪಟ್ಟ ಕುಟುಂಬಗಳ ಬಗ್ಗೆ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಅದರೊಳಗೆ ಬರುತ್ತಾರೆ.) ಕರ್ನಾಟಕದ ತಿದ್ದುಪಡಿ ಜಾರಿಯಾದದ್ದು 1994ರ ಜುಲೈ 30ರಂದು. ಮಗಳೂ ಹುಟ್ಟಿನಿಂದ ಸಹಭಾಗಿ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿದಾಗಿನಿಂದಲೇ ಪಾಲುಳ್ಳವಳು ಎಂದು ಅದು ಹೇಳಿತು, ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯ ಅಕ್ಕನಿಗೆ 1993ರಲ್ಲಿ ಮದುವೆ, ತಂಗಿಗೆ 1995ರಲ್ಲಿ. ಅಕ್ಕನಿಗೆ ಇಲ್ಲ, ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗಗಳನ್ನು ಮಾತ್ರ ಅದು ಮುಟ್ಟುವುದಿಲ್ಲ.

ಇದನ್ನು ಗುಂಟೆಯಲ್ಲಿ ಹೇಳಿದರೆ ಸರಿಯಾಗಿ ತಿಳಿಯುತ್ತದೆ. ಪಿತ್ರಾರ್ಜಿತ ಭೂಮಿ 12 ಎಕರೆ. ತಂದೆ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಉಯಿಲು ಬರೆಯದೆ ತಂದೆ ತೀರಿಕೊಂಡರು. ಭಾಗದ ಹೊತ್ತಿನಲ್ಲಿ ತಾಯಿಗೆ ಬರಬಹುದಾದ ಪ್ರತ್ಯೇಕ ಪಾಲಿನ ಪ್ರಶ್ನೆಯನ್ನು ಲೆಕ್ಕದ ಸರಳತೆಗಾಗಿ ಬದಿಗಿಡೋಣ. 1956ರ ಮೂಲ ಕಾಯ್ದೆಯಂತೆ ಮೊದಲು ತಂದೆ ಮತ್ತು ಮಗನ ನಡುವೆ ಅರ್ಧರ್ಧ, ತಲಾ 6 ಎಕರೆ. ತಂದೆಯ 6 ಎಕರೆ ನಾಲ್ವರಿಗೆ ಸಮ. ಹಾಗಾಗಿ ಮಗನಿಗೆ 7 ಎಕರೆ 20 ಗುಂಟೆ, ತಾಯಿಗೂ ಒಬ್ಬೊಬ್ಬ ಮಗಳಿಗೂ 1 ಎಕರೆ 20 ಗುಂಟೆ. 2005ರ ನಂತರದ ಲೆಕ್ಕದಲ್ಲಿ ತಂದೆ, ಮಗ, ಇಬ್ಬರು ಹೆಣ್ಣುಮಕ್ಕಳು ಸೇರಿ ನಾಲ್ಕು ಜನ ಸಹಭಾಗಿಗಳು, ತಲಾ 3 ಎಕರೆ. ತಂದೆಯ 3 ಎಕರೆ ಮತ್ತೆ ನಾಲ್ವರಿಗೆ, ತಲಾ 30 ಗುಂಟೆ. ಮಗಳಿಗೆ 3 ಎಕರೆ 30 ಗುಂಟೆ, ಮಗನಿಗೂ ಅಷ್ಟೇ, ತಾಯಿಗೆ 30 ಗುಂಟೆ. ಗಮನಿಸಿ: ಮಗಳ ಪಾಲು ಎರಡೂವರೆ ಪಟ್ಟಾಯಿತು, ತಾಯಿಯದು ಅರ್ಧಕ್ಕಿಳಿಯಿತು. ಈ ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಈಗ ಊರಿನಲ್ಲಿ ಕೇಳಿಬರುವ ಮಾತುಗಳನ್ನು ಈ ಇತಿಹಾಸದ ಪಕ್ಕದಲ್ಲಿಡಿ. "94ಕ್ಕೆ ಮೊದಲು ಮದುವೆಯಾದವರಿಗೆ ಪಾಲಿಲ್ಲ." ಇದು ಅಜ್ಞಾನವಲ್ಲ, ಹನ್ನೊಂದು ವರ್ಷ ಕರ್ನಾಟಕದ ಕಾನೂನೇ ಹಾಗಿತ್ತು. "ಅಪ್ಪ 2005ಕ್ಕೆ ಮೊದಲು ತೀರಿಕೊಂಡಿದ್ದರೆ ಇಲ್ಲ." ಕರ್ನಾಟಕದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹಾಗೆಯೇ ಹೇಳಿತ್ತು. 2018ರಲ್ಲಿ, ಅದೂ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, ತಂದೆ 2001ರಲ್ಲಿ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುವುದರಿಂದ 2005ರ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ. (1956ಕ್ಕೂ ಮೊದಲೇ ತಂದೆ ತೀರಿಕೊಂಡ ಕುಟುಂಬಗಳ ಲೆಕ್ಕ ಬೇರೆ.) ಜನರ ಕಾನೂನು ಪ್ರಜ್ಞೆ ಎನ್ನುವುದು ಹೀಗೆ ಕೆರೆಯ ಹೂಳಿನಂತೆ ಪದರ ಪದರವಾಗಿ ಕೂತಿರುತ್ತದೆ. ಕಾಯ್ದೆ ರದ್ದಾಗಬಹುದು, ಅದು ಬಿಟ್ಟುಹೋದ ನಂಬಿಕೆ ಉಳಿಯುತ್ತದೆ. ಹೊಸ ತೀರ್ಪನ್ನು ತಿಳಿಸಿದರೆ ಸಾಲದು, ಯಾವ ಹಳೆಯದು ಬಿದ್ದುಹೋಯಿತು ಎಂದೂ ತಿಳಿಸಬೇಕು. ನಮ್ಮ ಕಾನೂನು ಅರಿವು ಶಿಬಿರಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಈಗ ಘಟ್ಟ ಇಳಿದು ತುಳುನಾಡಿಗೆ ಹೋಗೋಣ. ಮಂಡ್ಯದ ಕಡೆ ಪಾಲಿನ ಮಾತು ಬಂದಾಗ "ಅಳಿಯ ಆಸ್ತಿಗೆ ಆಸೆಪಟ್ಟ" ಎಂಬ ಮಾತು ಬರುತ್ತದೆ. ಅಲ್ಲಿ ಅಳಿಯ ಎಂದರೆ ಸಂಶಯ. ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯ ಎಂದರೆ ಸೋದರಿಯ ಮಗ, ಅಂದರೆ ವಾರಸುದಾರ. ಐತಿಹ್ಯದ ರಾಜ ಭೂತಾಳ ಪಾಂಡ್ಯನ ಹೆಸರಿನಲ್ಲಿ ಹೇಳುವ ಈ ಪದ್ಧತಿಗೆ ಅಳಿಯಕಟ್ಟು ಎನ್ನುತ್ತಾರೆ, ತಂದೆಯಿಂದ ಮಕ್ಕಳಿಗೆ ಹೋಗುವುದಕ್ಕೆ ಮಕ್ಕಳಕಟ್ಟು. ಅಳಿಯಕಟ್ಟಿನಲ್ಲಿ ಕುಟುಂಬ ಎಂದರೆ ಒಬ್ಬ ಮೂಲ ಹೆಂಗಸಿನ ಸಂತತಿ. ಮಕ್ಕಳಿಗೆ ಬರುವುದು ತಾಯಿಯ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣು ಕುಟುಂಬದ ಮನೆಯ ದೈವಕ್ಕೆ ತಂಬಿಲ, ನೇಮ ನಡೆಯುವಾಗ ಬರುವುದು ಅತಿಥಿಯಾಗಿ ಅಲ್ಲ. ಆ ಮನೆ ಮುಂದುವರಿಯುವುದೇ ಅವಳ ಮಕ್ಕಳಿಂದ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಇದನ್ನು ಕಲಮುಗಳಲ್ಲಿ ಹಿಡಿಯಿತು. ಅದರಲ್ಲಿ "ಕವರು" ಎನ್ನುವ ಪದಕ್ಕೆ ವ್ಯಾಖ್ಯೆ ಇದೆ: ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಅವಳಿಂದ ಬಂದವರೆಲ್ಲ. ಗಂಡಸಿಗೆ ಸ್ವಂತ ಕವರು ಇಲ್ಲ, ತಾಯಿಯ ಕವರೇ ಅವನದು. ಕನಿಷ್ಠ ಒಬ್ಬಳಾದರೂ ಐವತ್ತು ತುಂಬದ ಹೆಂಗಸಿದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರಿನ ಹೆಂಗಸು ಒಬ್ಬಳಾದರೂ ಇದ್ದರೆ, ಭಾಗದಲ್ಲಿ ನಿಸ್ಸಂತತಿ ಕವರಿಗೆ ಬರುವುದು ಬದುಕಿರುವ ತನಕದ ಅನುಭೋಗ ಮಾತ್ರ. ಅಣ್ಣತಮ್ಮಂದಿರು ಎಷ್ಟೇ ಜನ ಇರಲಿ, ಆಸ್ತಿಯ ಮುಂದಿನ ದಾರಿಯನ್ನು ತೀರ್ಮಾನಿಸುತ್ತಿದ್ದುದು ಐವತ್ತರೊಳಗಿನ ಒಬ್ಬ ಹೆಣ್ಣು. ಈ ಮಣ್ಣಿನಲ್ಲಿ ಬೆಳೆದವಳಿಗೆ "ನಿನಗೆ ತವರಿನಲ್ಲಿ ಪಾಲು ಉಂಟೆ?" ಎಂಬ ಪ್ರಶ್ನೆಯೇ ವಿಚಿತ್ರ. ಘಟ್ಟದ ಮೇಲಿನವಳಿಗೆ "ಉಂಟು" ಎಂಬ ಉತ್ತರವೇ ವಿಚಿತ್ರ.

ಆದರೆ ಅಳಿಯಕಟ್ಟನ್ನು ಹೆಣ್ಣಿನ ರಾಜ್ಯ ಎಂದು ಹಾಡಿಹೊಗಳುವುದೂ ತಪ್ಪು. ವಂಶ ಹೆಣ್ಣಿನದು, ಆಡಳಿತ ಬಹುಪಾಲು ಯಜಮಾನನದ್ದು, ಅಂದರೆ ಹಿರಿಯ ಸೋದರಮಾವನದ್ದು. ಯಜಮಾನ್ತಿ ಆಗುವ ಅವಕಾಶ ಇತ್ತು, ಎಲ್ಲ ಮನೆಗಳಲ್ಲೂ ಅದು ನಡೆಯಲಿಲ್ಲ. 1949ರ ತನಕ ಎಲ್ಲರೂ ಒಪ್ಪದೆ ಭಾಗ ಕೇಳುವಂತೆಯೇ ಇರಲಿಲ್ಲ. ಆ ಕಾಯ್ದೆ ಕವರಿಗೆ ಭಾಗ ಕೇಳುವ ಹಕ್ಕು ಕೊಟ್ಟಿತು, 1956ರ ಕಾಯ್ದೆಯ 7(2)ನೇ ಕಲಮು ಸದಸ್ಯರ ಪಾಲನ್ನು ಸಾಮಾನ್ಯ ಉತ್ತರಾಧಿಕಾರಕ್ಕೆ ತಂದಿತು. ಅಲ್ಲಿಂದ ಸ್ವಂತ ದುಡಿಮೆಯ ಆಸ್ತಿಯೂ ಭಾಗವಾಗಿ ಬಂದದ್ದೂ ಮಕ್ಕಳ ಕಡೆಗೆ ಹರಿಯತೊಡಗಿತು. ತಲೆಮಾರುಗಳಿಂದ ಬಂದ ಕಟ್ಟು ಇಷ್ಟು ಬದಲಾಗಬಲ್ಲದಾದರೆ "ನಮ್ಮ ಸಂಸ್ಕೃತಿ ಬದಲಾಗದು" ಎನ್ನುವ ಮಾತು ನಿಲ್ಲುವುದಿಲ್ಲ. ಕಾನೂನು ಪ್ರಜ್ಞೆ ಕಲ್ಲಿನಲ್ಲಿ ಕೊರೆದದ್ದಲ್ಲ.

ಇನ್ನು ಉಳಿದರ್ಧಕ್ಕೆ, ಬಾಗಿಲುಗಳ ಕತೆಗೆ ಬರೋಣ. ತಂಗಿಯ ಹಕ್ಕು ಕೈತಪ್ಪುವುದು ಒಂದೇ ಏಟಿಗಲ್ಲ, ನಾಲ್ಕೈದು ಸಣ್ಣ ಮೆಟ್ಟಿಲುಗಳಲ್ಲಿ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ಅದಕ್ಕೆ ವಂಶವೃಕ್ಷ ಬೇಕು. ಮೊದಲ ಕೊರತೆ ಇಲ್ಲಿ: ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಯುತ್ತಾರೆ. ಮೋಸದ ಉದ್ದೇಶವೇ ಇರಬೇಕಾಗಿಲ್ಲ, "ಅವರು ಮದುವೆಯಾಗಿ ಹೋದವರಲ್ಲ" ಎಂಬ ಒಂದೇ ಎಣಿಕೆ ಸಾಕು. ಮುಂದಿನದು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 129ನೇ ಕಲಮಿನಂತೆ ನೋಟಿಸು ಹೊರಡಿಸಿ, ಗೊತ್ತುಪಡಿಸಿದ ಅವಧಿಯೊಳಗೆ ತಕರಾರು ಕೇಳುತ್ತಾರೆ. ನೋಟಿಸು ತವರಿನ ಚಾವಡಿಯಲ್ಲಿ, ತಂಗಿ ಇರುವುದು ಬೇರೆ ತಾಲ್ಲೂಕಿನಲ್ಲಿ. ವಂಶವೃಕ್ಷದಲ್ಲಿ ಹೆಸರೇ ಇಲ್ಲದವಳಿಗೆ ಪ್ರತ್ಯೇಕ ನೋಟಿಸು ಕೊಡುವವರು ಯಾರು? ಆ ಅವಧಿ ಕಳೆಯುತ್ತದೆ, ಪಹಣಿಯ 9ನೇ ಕಾಲಂನಲ್ಲಿ ಅಣ್ಣನ ಹೆಸರು ಕೂರುತ್ತದೆ. 133ನೇ ಕಲಮಿನಂತೆ ಆ ದಾಖಲೆ ತಪ್ಪೆಂದು ಸಾಬೀತಾಗುವ ತನಕ ಸರಿ ಎಂದೇ ಭಾವಿಸಬೇಕು. ಅದನ್ನು ಪ್ರಶ್ನಿಸಲು 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ, ಆದೇಶ ತಲುಪಿದ ಅಥವಾ ನಮೂದು ತಿಳಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಅವಳಿಗೆ ವಿಷಯ ತಿಳಿಯುವುದೇ ಎಷ್ಟೋ ಸಲ ಬಹಳ ತಡವಾಗಿ.

ಇಲ್ಲಿ ಜನ ತಪ್ಪು ತಿಳಿಯುವ ಒಂದು ದೊಡ್ಡ ಸಂಗತಿ ಇದೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಹಕ್ಕಿಲ್ಲ ಎಂದು ತಂಗಿಯೂ ನಂಬುತ್ತಾಳೆ, ಅಣ್ಣನೂ ನಂಬುತ್ತಾನೆ. ಮ್ಯುಟೇಶನ್ ಕಂದಾಯದ ದಾಖಲೆ, ಅದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಳ್ಳಿಯ ಪ್ರಜ್ಞೆಯಲ್ಲಿ ಮಾತ್ರ ಪಹಣಿಯೇ ಭೂಮಿ.

ವರ್ಷಗಳು ಕಳೆದು ಅಣ್ಣ ಭೂಮಿ ಮಾರಲು ಹೊರಟಾಗ ಕೊಳ್ಳುವವರ ವಕೀಲರು "ಹೆಣ್ಣುಮಕ್ಕಳ ಸಹಿ ಬೇಕು" ಎನ್ನುತ್ತಾರೆ. ಬ್ಯಾಂಕು ಸಾಲಕ್ಕೂ ಅದೇ ಮಾತು. ಎಷ್ಟೋ ಹೆಂಗಸರಿಗೆ ತಮ್ಮ ಹಕ್ಕಿನ ಮೊದಲ ಸುದ್ದಿ ಮುಟ್ಟುವುದು ಹೀಗೆ: ಪಾಲು ಎಂದಲ್ಲ, ಸಹಿ ಎಂದು. "ನಾಳೆ ಬಂದು ಒಂದು ಸಹಿ ಹಾಕಿಹೋಗಮ್ಮ" ಎಂದು ಫೋನು ಬರುತ್ತದೆ. ಕಾರು ಕಳಿಸುತ್ತಾರೆ, ಅತ್ತಿಗೆ ಊಟಕ್ಕೆ ಏಳಿಸುತ್ತಾಳೆ, ಸೀರೆ ಕೊಡುತ್ತಾರೆ. ಅಲ್ಲಿ ಬೆದರಿಕೆ ಇಲ್ಲ, ಪ್ರೀತಿ ಇದೆ. ಆ ಪ್ರೀತಿಯೇ "ಎಷ್ಟು ಎಕರೆ ಅಣ್ಣ?" ಎಂಬ ಪ್ರಶ್ನೆಯನ್ನು ಗಂಟಲಲ್ಲೇ ತಡೆಯುತ್ತದೆ. ಮೋಸ, ಒತ್ತಾಯ, ಅನುಚಿತ ಪ್ರಭಾವದಿಂದಾದ ಪತ್ರವನ್ನು ರದ್ದುಮಾಡಿಸಬಹುದು, ಅದು ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆದರೆ ಅಕ್ಕರೆಯ ಒತ್ತಡವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ? ಇನ್ನೊಂದು ಸೂಕ್ಷ್ಮ: ತಂದೆ ಬದುಕಿರುವಾಗಲೇ ಅವರ ಸ್ವಯಾರ್ಜಿತ ಆಸ್ತಿಯಲ್ಲಿ "ಮುಂದೆ ಬರುವ ಹಕ್ಕು" ಬಿಡಿಸಿಕೊಳ್ಳುತ್ತಾರೆ. ಇನ್ನೂ ಬಾರದ ಉತ್ತರಾಧಿಕಾರದ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ, ಅಂಥ ಪತ್ರಕ್ಕೆ ಸಾಮಾನ್ಯವಾಗಿ ಬೆಲೆ ಇಲ್ಲ. ಪಿತ್ರಾರ್ಜಿತದ್ದು ಹಾಗಲ್ಲ. ಅಲ್ಲಿ ಹಕ್ಕು ಹುಟ್ಟಿನಿಂದಲೇ ಇರುವುದರಿಂದ ಬಿಟ್ಟದ್ದು ಬಿಟ್ಟಂತೆಯೇ.

ದಾವೆಗೆ ಹೋದರೆ? ಪ್ರತಿವಾದಿ ಸಾಮಾನ್ಯವಾಗಿ ಮುಂದಿಡುವುದು ಬಾಯಿಮಾತಿನ ವಿಭಾಗ, ಇಲ್ಲವೇ ಬಿಳಿ ಹಾಳೆಯ ಪಾಲುಪಟ್ಟಿ, ಪಂಚಾಯಿತಿ ಪಾರಿಖತ್ತು. ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ಒಪ್ಪಬಾರದು, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದ ಅಪರೂಪದ ಪ್ರಸಂಗಗಳಲ್ಲಿ ಮಾತ್ರ ಒಪ್ಪಬಹುದು ಎಂದು 2020ರ ತೀರ್ಪು ಹೇಳಿದೆ. ಖರ್ಚಿನ ಭಯವೂ ದೊಡ್ಡದು. ಸ್ವತ್ತು ಕೂಡುಸ್ವಾಧೀನದಲ್ಲಿದೆ ಎಂದು ಹೂಡುವ ವಿಭಾಗ ದಾವೆಗೆ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ, 1958ರ 35(2)ನೇ ಕಲಮಿನಡಿ ನಿಗದಿತ ಶುಲ್ಕ, ಮೇಲ್ಮಿತಿ 200 ರೂಪಾಯಿ. ಆದರೆ ವಾದಪತ್ರದಲ್ಲಿ "ನನ್ನನ್ನು ಸ್ವಾಧೀನದಿಂದ ಹೊರಗಿಟ್ಟಿದ್ದಾರೆ" ಎಂದು ಬಂದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಒಂದು ವಾಕ್ಯ ನೂರುಗಳನ್ನು ಲಕ್ಷ ಮಾಡಬಲ್ಲದು. ವಕೀಲರ ನೆರವೂ ಹೆಂಗಸರಿಗೆ ಉಚಿತ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಅವರಿಗೆ ಆದಾಯದ ಮಿತಿ ಹಾಕಿಲ್ಲ. ಆ ನೆರವು ಕೊಡುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುತ್ತದೆ.

ಕೋರ್ಟಿನಲ್ಲಿ ಅವಳ ಮಾತೇ ಬದಲಾಗುತ್ತದೆ. "ಅಮ್ಮ ಹೋದಮೇಲೆ ಅಣ್ಣ ಹಬ್ಬಕ್ಕೂ ಕರೆಯಲಿಲ್ಲ" ಎಂದು ಹೇಳಿಕೊಂಡು ಬಂದವಳ ವಾದಪತ್ರದಲ್ಲಿ "ವಾದಿಯು ಅವಿಭಕ್ತ ಕುಟುಂಬದ ಸಹಭಾಗಿ, ದಾವಾ ಸ್ವತ್ತಿನಲ್ಲಿ 5/16 ಪಾಲನ್ನು ಸರಹದ್ದು ಅಳತೆಯಂತೆ ಬೇರ್ಪಡಿಸಿ ಸ್ವಾಧೀನ ಕೊಡಿಸಬೇಕು" ಎಂದಿರುತ್ತದೆ. ಕರೆಯದ ಹಬ್ಬಕ್ಕೆ ಅಲ್ಲಿ ಕಾಲಂ ಇಲ್ಲ. ಪ್ರಾಥಮಿಕ ಡಿಕ್ರಿ ಸಿಕ್ಕಿತು ಎಂದರೆ ಭಿನ್ನರಾಶಿ ತೀರ್ಮಾನವಾಯಿತು ಎಂದಷ್ಟೇ ಅರ್ಥ. ಭೂಮಿ ಕೈಗೆ ಬರಲು ಅಂತಿಮ ಡಿಕ್ರಿ ಬೇಕು. ಕಂದಾಯ ಭೂಮಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಕಡತ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಸರ್ವೆಗೆ. ಗೆದ್ದೆವೆಂದು ಮನೆಗೆ ಹೋಗಿ ಕೂತು, ಎರಡನೆಯ ಹಂತಕ್ಕೆ ಅರ್ಜಿಯನ್ನೇ ಹಾಕದೆ ವರ್ಷಗಳು ಉರುಳಿದ ಕೇಸುಗಳಿವೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ವಿಚಾರಣಾ ನ್ಯಾಯಾಲಯವೇ ಮುಂದಿನ ಹಂತಕ್ಕೆ ಕೈಹಾಕಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿರುವುದು ಇದೇ ಕಾರಣಕ್ಕೆ.

ಹಾಗಾದರೆ ರಾಜಿಯೇ ಮೇಲೆ? ರಾಜಿ ಒಳ್ಳೆಯದು, ಅವಳ ಪಾಲಿನ ಅಂಕಿ ಮೇಜಿನ ಮೇಲೆ ಬಂದ ನಂತರ. ಲೋಕ ಅದಾಲತ್ತಿನ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ತಿಳಿಯದೆ ಒಪ್ಪಿದರೆ ಹಿಂದಿರುಗುವ ದಾರಿ ಬಹಳ ಇಕ್ಕಟ್ಟು. ತವರೂ ಉಳಿಯಬೇಕು, ಪಾಲೂ ಉಳಿಯಬೇಕು ಎನ್ನುವವರಿಗೆ ದಾರಿಗಳಿವೆ. ಜಂಟಿ ಖಾತೆ ಮಾಡಿಸಿ ಸಾಗುವಳಿ ಅಣ್ಣನಿಗೇ ಬಿಟ್ಟು ಫಸಲಿನಲ್ಲಿ ಪಾಲು ತೆಗೆದುಕೊಳ್ಳಬಹುದು. ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿಷೇಧವಿರುವುದರಿಂದ ಇದನ್ನು ಗೇಣಿ ಎಂದು ಬರೆಯಬಾರದು, ಸಹಮಾಲೀಕರ ನಡುವಿನ ಏರ್ಪಾಡು ಎಂದೇ ಬರೆಯಬೇಕು. ಅಣ್ಣ ಕಂತಿನಲ್ಲಿ ಹಣ ಕೊಡುವುದಾದರೆ ಕೊನೆಯ ಕಂತು ಮುಟ್ಟಿದ ಮೇಲೆ ಬಿಡುಗಡೆ ಪತ್ರ, ಮೊದಲಲ್ಲ. ಭೂಮಿ ಗಂಡನ ಮನೆಯ ಪಾಲಾಗುತ್ತದೆ ಎನ್ನುವ ಅಣ್ಣನ ಆತಂಕಕ್ಕೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಒಂದಿಷ್ಟು ಉತ್ತರವಿದೆ: ತಂದೆ ತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ, ಅವಳು ಮಕ್ಕಳಿಲ್ಲದೆ, ಉಯಿಲಿಲ್ಲದೆ ತೀರಿಕೊಂಡರೆ 15(2)ನೇ ಕಲಮಿನಂತೆ ತಂದೆಯ ವಾರಸುದಾರರಿಗೆ ಮರಳುತ್ತದೆ. ಹೊರೆ ಹೊರದವಳಿಗೆ ಪಾಲೆಲ್ಲಿ ಎನ್ನುವವರಿಗೂ ಉತ್ತರವಿದೆ. ಸಹಭಾಗಿಯಾದ ಮಗಳಿಗೆ ಆ ಆಸ್ತಿಯ ಹೊಣೆಗಳೂ ಮಗನಷ್ಟೇ. ತಂದೆ ತಾಯಿಯ ಪೋಷಣೆಯ 2007ರ ಕಾಯ್ದೆಯಲ್ಲಿ "ಮಕ್ಕಳು" ಎಂದರೆ ಮಗಳೂ ಸೇರಿ. ಹಕ್ಕುಬಾಧ್ಯತೆ ಎಂಬ ನಮ್ಮ ಜೋಡುಪದದ ಎರಡೂ ತುದಿ ಈಗ ಅವಳ ಕೈಯಲ್ಲಿದೆ.

ಅಣ್ಣನಿಗೆ ಬಿಟ್ಟುಕೊಡಲು ಅವಳಿಗೆ ಪೂರ್ತಿ ಸ್ವಾತಂತ್ರ್ಯವಿದೆ. ಅದನ್ನು ತಪ್ಪೆನ್ನುವ ಹಕ್ಕು ವಕೀಲರಿಗೂ ಇಲ್ಲ, ಉಪನ್ಯಾಸ ಮಾಡುವವರಿಗೂ ಇಲ್ಲ. ಪತ್ರ ಬರಹಗಾರರಿಗೆ, ವಕೀಲರಿಗೆ, ಸಾಕ್ಷಿ ಹಾಕಲು ಹೋಗುವ ನೆಂಟರಿಗೆ ಒಂದೇ ಕೋರಿಕೆ. "ಇರಬಹುದಾದ" ಎಂಬ ಪದವನ್ನು ಹೊಡೆದುಹಾಕಿ ಷೆಡ್ಯೂಲಿನ ಮೇಲೆ ಎರಡು ಸಾಲು ಬರೆಯಿರಿ: "ಸದರಿ 12 ಎಕರೆಯಲ್ಲಿ ಕಾಯ್ದೆಯಂತೆ ನನಗೆ ಸಲ್ಲುವ ಪಾಲು 3 ಎಕರೆ 30 ಗುಂಟೆ, ಇಂದಿನ ಮಾರ್ಗಸೂಚಿ ಬೆಲೆಯಂತೆ ಅದರ ಮೌಲ್ಯ ಇಷ್ಟು ರೂಪಾಯಿ. ಇದನ್ನು ತಿಳಿದು ಬಿಟ್ಟುಕೊಡುತ್ತಿದ್ದೇನೆ." ಅದನ್ನು ಅವಳ ಮನೆಮಾತಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಪೆನ್ನು ಕೊಡಿ.